ಸುದ್ದಿ ಬಂದಾಗ ನೀವು ಎಲ್ಲಿದ್ದಿರಿ?

ದೇಶ ಕಣ್ಣೀರಿಟ್ಟ ದಿನಗಳನ್ನು ಹಿಂದೂಪುರ, ಕಲ್ಯಾಣದುರ್ಗದ ಕನ್ನಡದ ಮನೆಗಳು ಹೇಗೆ ನೆನಪಿಟ್ಟುಕೊಂಡಿವೆ? ನಮ್ಮ ಪಕ್ಕದಲ್ಲೇ ನಡೆದ ಸಾವುಗಳನ್ನು ಹೇಗೆ ಮರೆಯುತ್ತಿವೆ?

1984ರ ಅಕ್ಟೋಬರ್ 31, ಬುಧವಾರ. ದೆಹಲಿಯ ಸಫ್ದರ್‌ಜಂಗ್ ರಸ್ತೆಯ ಒಂದನೇ ನಂಬರಿನ ಮನೆಯ ತೋಟದಲ್ಲಿ ಬೆಳಗ್ಗೆ 9.20ರ ಸುಮಾರಿಗೆ ಪ್ರಧಾನಿ ಇಂದಿರಾ ಗಾಂಧಿ ಅವರ ಮೇಲೆ ಅವರ ಅಂಗರಕ್ಷಕರೇ ಗುಂಡು ಹಾರಿಸಿದರು. ಏಮ್ಸ್ ಆಸ್ಪತ್ರೆಯ ವೈದ್ಯರು ಕೈಚೆಲ್ಲಿದ್ದು ಮಧ್ಯಾಹ್ನ 2.20ಕ್ಕೆ. ಆಕಾಶವಾಣಿ ಆ ಸಾವನ್ನು ದೇಶಕ್ಕೆ ತಿಳಿಸಿದ್ದು ಸಂಜೆ ಆರಕ್ಕೆ. ಅಷ್ಟರಲ್ಲಿ ಬಿಬಿಸಿ ಕೇಳುವ ಅಭ್ಯಾಸವಿದ್ದವರಿಗೆ ವಿಷಯ ಗೊತ್ತಾಗಿತ್ತು. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ಮಗ ರಾಜೀವ್ ಗಾಂಧಿ ಅವರೂ ಅದೇ ರೇಡಿಯೋಕ್ಕೆ ಕಿವಿಗೊಟ್ಟಿದ್ದರು.

ಗುಂಡು ಹಾರಿದ ಹೊತ್ತಿಗೂ ಸುದ್ದಿ ಬಂದ ಹೊತ್ತಿಗೂ ನಡುವೆ ಒಂದು ಇಡೀ ಹಗಲು ಕಳೆದುಹೋಗಿತ್ತು. ಆ ಹಗಲಿನಲ್ಲಿ ಕಲ್ಯಾಣದುರ್ಗದ ಸುತ್ತಲಿನ ಕೆಂಪು ಹೊಲಗಳಲ್ಲಿ ಜನ ಬೆನ್ನು ಬಗ್ಗಿಸಿ ಶೇಂಗಾ ಕೀಳುತ್ತಿದ್ದರು. ದೀಪಾವಳಿ ಕಳೆದು ವಾರವಾಗಿತ್ತು. ಕಾಯಿ ಒಣಗಬೇಕು, ಬಣವೆ ಒಟ್ಟಬೇಕು, ಮತ್ತೆ ಮಳೆ ಬಂದರೆ ಕಾಯಿ ನೆಲದಲ್ಲೇ ಮೊಳೆಯುತ್ತದೆ ಎಂಬ ಆತಂಕದ ದಿನಗಳವು. ದೇಶದ ಪ್ರಧಾನಿ ಇನ್ನಿಲ್ಲವೆಂಬುದು ಆ ಹೊಲಗಳಿಗೆ ತಲುಪಿದ್ದು ಕತ್ತಲಾಗುವ ಹೊತ್ತಿಗೆ. ಕೆಲವು ಹಳ್ಳಿಗಳಿಗೆ ಮರುದಿನವೇ.

ಈಗ ಅರವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ. ಆ ವರ್ಷ ಮಳೆ ಎಷ್ಟಾಯಿತು, ಶೇಂಗಾ ಯಾವ ದರಕ್ಕೆ ಹೋಯಿತು ಎಂದರೆ ಯೋಚಿಸುತ್ತಾರೆ. ಇಂದಿರಮ್ಮ ಹೋದ ಸುದ್ದಿ ಬಂದಾಗ ಎಲ್ಲಿದ್ದಿರಿ ಎಂದರೆ ಯೋಚಿಸುವುದಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲು, ಶಾಲೆಯ ಜಗುಲಿ, ಕಣ, ಹೆರಿಗೆಗೆ ಬಂದ ತವರುಮನೆ ಎಂದು ಜಾಗ ಥಟ್ಟನೆ ಹೊರಬರುತ್ತದೆ.

ಈ ಜಾಗಗಳೇ ಈ ಲೇಖನದ ವಿಷಯ. ದೊಡ್ಡವರ ಸಾವಿನ ಇತಿಹಾಸವನ್ನು ದೆಹಲಿ ಬರೆದಿದೆ. ಆ ಸಾವು ಗಡಿಯ ಊರುಗಳಿಗೆ ಹೇಗೆ ಬಂದು ಮುಟ್ಟಿತು ಎಂಬ ಇತಿಹಾಸ ಯಾರ ಕಡತದಲ್ಲೂ ಇಲ್ಲ. ಅದು ಇರುವುದು ವಯಸ್ಸಾದವರ ನಾಲಿಗೆಯ ಮೇಲೆ ಮಾತ್ರ.

ರೈಲಿನ ಊರು, ಬಸ್ಸಿನ ಊರು

ಹಿಂದೂಪುರ ಮತ್ತು ಕಲ್ಯಾಣದುರ್ಗ ಎರಡೂ ಅನಂತಪುರ ಸೀಮೆಯ ಪಟ್ಟಣಗಳು. ಬಳ್ಳಾರಿ ಜಿಲ್ಲೆಯಿಂದ ಒಡೆದು ಅನಂತಪುರ ಜಿಲ್ಲೆಯಾದದ್ದು 1882ರಲ್ಲಿ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಈ ಸೀಮೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿತು. ಅದೇ ದಿನ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. 2022ರ ಏಪ್ರಿಲ್ 4ರಿಂದ ಈ ಎರಡು ಊರುಗಳೂ ಬೇರೆ ಬೇರೆ ಜಿಲ್ಲೆಗಳಲ್ಲಿವೆ. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು.

ಗೆರೆಗಳು ಎಷ್ಟೇ ಸರಿದರೂ ಮನೆಮಾತು ಸರಿದಿಲ್ಲ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಂ ಕಡೆ ಕನ್ನಡ ಇಂದಿಗೂ ಮನೆಯ ಮಾತು, ಸಂತೆಯ ಮಾತು. ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ನೆಲ. ಲೇಪಾಕ್ಷಿಯ ಗುಡಿಯ ಗೋಡೆಗಳ ಮೇಲೂ ಕನ್ನಡ ಶಾಸನಗಳಿವೆ. ಕಲ್ಯಾಣದುರ್ಗದಿಂದ ದಕ್ಷಿಣಕ್ಕೆ ಹೊರಟರೆ ಪಾವಗಡ ಬರುತ್ತದೆ, ಹಿಂದೂಪುರದಿಂದ ದಕ್ಷಿಣಕ್ಕೆ ಹೊರಟರೆ ಗೌರಿಬಿದನೂರು. ಹೆಣ್ಣು ಕೊಡುವುದು, ತರುವುದು, ಜಾತ್ರೆ, ಸಾಲ, ಆಸ್ಪತ್ರೆ ಎಲ್ಲವೂ ಗೆರೆಯ ಎರಡೂ ಕಡೆ.

ಆದರೆ ಸುದ್ದಿಯ ವಿಷಯಕ್ಕೆ ಬಂದರೆ ಇವು ಎರಡು ಬೇರೆ ಊರುಗಳು. ಹಿಂದೂಪುರ ಬೆಂಗಳೂರು–ಗುಂತಕಲ್ ರೈಲು ಮಾರ್ಗದ ಮೇಲಿದೆ. ಬೆಲ್ಲ, ಹುಣಸೆ, ಮೆಣಸಿನಕಾಯಿ, ರೇಷ್ಮೆಗೂಡು ಹೀಗೆ ಎಲ್ಲಕ್ಕೂ ಮಾರುಕಟ್ಟೆ. ವರ್ತಕರು ದಿನವೂ ಬೆಂಗಳೂರಿಗೆ ಹೋಗಿಬರುವವರು. ಹಾಗಾಗಿ ಸುದ್ದಿ ಸ್ಟೇಷನ್ನಿನಲ್ಲಿ ಇಳಿದು ಪೇಟೆಗೆ ನಡೆದು ಬರುತ್ತಿತ್ತು. ಕಲ್ಯಾಣದುರ್ಗಕ್ಕೆ ದಶಕಗಳ ಕಾಲ ರೈಲು ಇರಲಿಲ್ಲ. ಅಲ್ಲಿಗೆ ಸುದ್ದಿ ತಂದದ್ದು ಅನಂತಪುರದ ಬಸ್ಸು, ಪೋಸ್ಟಾಫೀಸಿನ ತಂತಿ ಮತ್ತು ಪಂಚಾಯಿತಿಯ ರೇಡಿಯೋ. ಡ್ರೈವರು, ಕಂಡಕ್ಟರು, ಪೋಸ್ಟ್‌ಮನ್, ಶಾಲೆಯ ಮೇಷ್ಟ್ರು ಈ ನಾಲ್ವರು ಆ ಸೀಮೆಯ ವರದಿಗಾರರು.

ರೇಡಿಯೋಕ್ಕೂ ಒಂದು ಸಂಕೇತವಿತ್ತು. ಸಿನಿಮಾ ಹಾಡು ಬರಬೇಕಾದ ಹೊತ್ತಿನಲ್ಲಿ ಹಾಡು ನಿಂತು ಬರೀ ವಾದ್ಯ ಕೇಳತೊಡಗಿದರೆ ಹಿರಿಯರು ಕೈಯಲ್ಲಿದ್ದ ಕೆಲಸ ಬಿಟ್ಟು, ‘ಯಾರೋ ದೊಡ್ಡೋರು ಹೋದ್ರು’ ಅನ್ನುತ್ತಿದ್ದರು. ಹೆಸರು ಆಮೇಲೆ ಬರುತ್ತಿತ್ತು, ಶೋಕ ಮೊದಲೇ ಬಂದಿರುತ್ತಿತ್ತು. ಕನ್ನಡದ ಮನೆಗಳಲ್ಲಿ ಕನ್ನಡ ವಾರ್ತೆಯನ್ನೂ ತೆಲುಗು ವಾರ್ತೆಯನ್ನೂ ಕೇಳುವ ರೂಢಿಯಿತ್ತು. ಒಂದರಲ್ಲಿ ಕೇಳಿದ್ದು ಇನ್ನೊಂದರಲ್ಲೂ ಬಂದರೆ ಮಾತ್ರ ಅದು ನಿಜ.

ಶುಕ್ರವಾರದ ಸಂಜೆ

1948ರ ಜನವರಿ 30 ಶುಕ್ರವಾರ. ಸಂಜೆ 5.17ರ ಸುಮಾರಿಗೆ ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನೆಗೆ ನಡೆದು ಹೊರಟಿದ್ದ ಗಾಂಧೀಜಿಯ ಎದೆಗೆ ಗುಂಡು ಬಿತ್ತು. ಆಗ ಬೆಂಗಳೂರಿನಲ್ಲಿ ಆಕಾಶವಾಣಿ ಕೇಂದ್ರವಿರಲಿಲ್ಲ. ಪ್ರಜಾವಾಣಿ ಹುಟ್ಟಿದ್ದು ಅದೇ ವರ್ಷದ ಅಕ್ಟೋಬರ್ 15ರಂದು, ಗಾಂಧೀಜಿ ತೀರಿಕೊಂಡು ಎಂಟೂವರೆ ತಿಂಗಳಾದ ಮೇಲೆ. ಹಿಂದೂಪುರದಂಥ ಊರಿನಲ್ಲಿ ರೇಡಿಯೋ ಇದ್ದದ್ದು ಬೆರಳೆಣಿಕೆಯ ಮನೆಗಳಲ್ಲಿ. ಉಳಿದವರಿಗೆಲ್ಲ ಸುದ್ದಿ ಬಾಯಿಂದ ಬಾಯಿಗೆ.

ಆ ಸಂಜೆಯ ಸುದ್ದಿಯಲ್ಲಿ ಒಂದು ಮಾತು ಬಹಳ ಮುಖ್ಯವಾಗಿತ್ತು. ಕೊಂದವನು ಹಿಂದೂ ಎಂಬುದನ್ನು ಸರ್ಕಾರ ಬೇಗನೆ, ಸ್ಪಷ್ಟವಾಗಿ ಹೇಳಿಸಿತು. ದೇಶ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಆ ಒಂದು ಮಾತು ತಡವಾಗಿದ್ದರೆ, ಅಥವಾ ದಾರಿಯಲ್ಲಿ ಯಾರಾದರೂ ಅದನ್ನು ತಿರುಚಿದ್ದರೆ, ಹಿಂದೂ ಮುಸ್ಲಿಮರು ಒಂದೇ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡ ಹಿಂದೂಪುರದಂಥ ಊರುಗಳ ಗತಿ ಏನಾಗುತ್ತಿತ್ತು? ಸುದ್ದಿ ಯಾರ ಬಾಯಿಂದ ಹೇಗೆ ಬಂತು ಎಂಬುದು ಬರೀ ನೆನಪಿನ ವಿಷಯವಲ್ಲ, ಕೆಲವೊಮ್ಮೆ ಜೀವ ಉಳಿಸುವ ವಿಷಯ.

ಎರಡು ವಾರಗಳಾದ ಮೇಲೆ, ಫೆಬ್ರುವರಿ 12ರಂದು, ದೇಶದ ನದಿಗಳಲ್ಲಿ ಗಾಂಧೀಜಿಯ ಚಿತಾಭಸ್ಮ ವಿಸರ್ಜನೆಯಾಯಿತು. ಮೈಸೂರು ಸೀಮೆಯವರಿಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಆ ನೆನಪಿನ ಜಾಗ. ಆ ಶುಕ್ರವಾರವನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರು ಈಗ ಎಂಬತ್ತೈದು ದಾಟಿರಬೇಕು. ಇನ್ನು ಹತ್ತು ವರ್ಷ ಕಳೆದರೆ ಕೇಳೋಣವೆಂದರೂ ಯಾರೂ ಸಿಗರು.

ಕೂರಿಗೆಯ ಸಾಕ್ಷಿ

ನಮ್ಮ ದೊಡ್ಡಮ್ಮ ಕಲ್ಯಾಣದುರ್ಗದ ಕಡೆಯ ಹಳ್ಳಿಗೆ ಸೊಸೆಯಾಗಿ ಹೋದವರು. ಇಂದಿರಾ ಗಾಂಧಿ ತೀರಿಕೊಂಡ ದಿನ ಎಲ್ಲಿದ್ದೆ ಎಂದು ಕೇಳಿದರೆ ಅವರದು ಒಂದೇ ಉತ್ತರ. ಹೊಲದಲ್ಲಿ ಕೂರಿಗೆಯ ಹಿಂದೆ ನಡೆಯುತ್ತ ಶೇಂಗಾ ಬೀಜ ಬಿಡುತ್ತಿದ್ದೆ, ಮಡಿಲಲ್ಲಿ ಬೀಜ ಇತ್ತು, ಮೇಷ್ಟ್ರು ಸೈಕಲ್ಲಿನಲ್ಲಿ ಬಂದು ಬದುವಿನ ಮೇಲೆ ನಿಂತು ಹೇಳಿದರು, ಎತ್ತು ನಿಲ್ಲಿಸಿದೆವು. ಎತ್ತಿನ ಬಣ್ಣವನ್ನೂ ಹೇಳುತ್ತಾರೆ.

ಒಮ್ಮೆ ಪಕ್ಕದಲ್ಲಿದ್ದ ನಮ್ಮ ಮಾವ, ಅಂದರೆ ಅವರ ತಮ್ಮ, ಕೇಳಿಸಿಕೊಂಡು ತಡೆದರು. ‘ಅಕ್ಕಾ, ದೀಪಾವಳಿ ಆದ್ಮೇಲೆ ಯಾರಕ್ಕಾ ಕೂರಿಗೆ ಹೂಡ್ತಾರೆ? ಅದು ಕಾಯಿ ಕಿತ್ತು ಬಣವೆ ಹಾಕೋ ಕಾಲ.’

ದೊಡ್ಡಮ್ಮ ಸುಮ್ಮನಾದರು. ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. ಆಮೇಲೆ ಹೇಳಿದರು: ‘ಹಂಗಾದ್ರೆ ಆವತ್ತು ಹೋಗಿದ್ದು ಮಗ ಇರಬೇಕು ಕಣೋ. ವಿಮಾನ ಬಿದ್ದು ಸತ್ನಲ್ಲ, ಅವನು.’

ಅವರ ಲೆಕ್ಕ ಸರಿಯಾಗಿತ್ತು. ಸಂಜಯ್ ಗಾಂಧಿ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು 1980ರ ಜೂನ್ 23ರಂದು. ಮುಂಗಾರಿನ ಬಿತ್ತನೆಯ ಕಾಲ. ಮಗನ ಸಾವಿನ ಸುದ್ದಿ ಬಂದ ಹೊಲವನ್ನು ದೊಡ್ಡಮ್ಮನ ಮನಸ್ಸು ತಾಯಿಯ ಸಾವಿಗೆ ಜೋಡಿಸಿಕೊಂಡಿತ್ತು. ಹೊಲ ನಿಜ, ಮೇಷ್ಟ್ರು ನಿಜ, ಎತ್ತು ನಿಜ. ತಾರೀಕು ಮಾತ್ರ ನಾಲ್ಕು ವರ್ಷ ಜರುಗಿತ್ತು. ಅದನ್ನು ಹಿಡಿದುಕೊಟ್ಟದ್ದು ಕೂರಿಗೆ.

ಇದು ಹಳ್ಳಿಯವರ ಮರೆವಲ್ಲ, ಮನುಷ್ಯರ ಸ್ವಭಾವ. ಈ ಬಗ್ಗೆ ಮನಶ್ಶಾಸ್ತ್ರಜ್ಞರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ತಲೆ ಕೆಡಿಸಿಕೊಂಡಿದ್ದಾರೆ. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ 1865ರಲ್ಲಿ ಹತ್ಯೆಯಾದರು. ಮೂವತ್ತಮೂರು ವರ್ಷಗಳ ನಂತರ ಎಫ್.ಡಬ್ಲ್ಯು. ಕೋಲ್‌ಗ್ರೋವ್ ಎಂಬ ಸಂಶೋಧಕ 179 ಜನರನ್ನು, ಆ ಸುದ್ದಿ ಕೇಳಿದಾಗ ಎಲ್ಲಿದ್ದಿರಿ ಎಂದು ಕೇಳಿದ. 127 ಜನ ಜಾಗ, ಹೊತ್ತು, ಹೇಳಿದವರು ಯಾರು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. 1977ರಲ್ಲಿ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಇದೇ ಪ್ರಶ್ನೆಯನ್ನು ಕೆನಡಿ ಹತ್ಯೆಯ ಬಗ್ಗೆ 80 ಜನರಿಗೆ ಹಾಕಿದಾಗ ಒಬ್ಬರನ್ನು ಬಿಟ್ಟು ಉಳಿದೆಲ್ಲರೂ ಉತ್ತರಿಸಿದರು. ಕ್ಯಾಮೆರಾದ ಫ್ಲಾಶ್ ಬೆಳಗಿದಾಗ ಎದುರಿದ್ದದ್ದೆಲ್ಲ ಚಿತ್ರದೊಳಗೆ ಬಂದುಬಿಡುವಂತೆ, ಆಘಾತದ ಕ್ಷಣದಲ್ಲಿ ಸುತ್ತಲಿನದೆಲ್ಲ ಮನಸ್ಸಿನಲ್ಲಿ ಅಚ್ಚಾಗುತ್ತದೆ ಎಂದು ಅವರು ವಾದಿಸಿದರು.

ಆ ವಾದಕ್ಕೆ ಪೆಟ್ಟು ಕೊಟ್ಟವರು ಉಲ್ರಿಕ್ ನೈಸರ್. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಸಿಡಿದು ಏಳು ಮಂದಿ ಸತ್ತರು. ಮರುದಿನ ಬೆಳಗ್ಗೆಯೇ ನೈಸರ್ ಮತ್ತು ನಿಕೋಲ್ ಹಾರ್ಷ್ ತಮ್ಮ ವಿದ್ಯಾರ್ಥಿಗಳಿಂದ ಅವರವರ ಅನುಭವ ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷ ಬಿಟ್ಟು ಅವರಲ್ಲಿ 44 ಜನರನ್ನು ಮತ್ತೆ ಕೇಳಿದರು. 11 ಜನರ ಹೊಸ ಉತ್ತರ ಹಳೆಯ ಉತ್ತರಕ್ಕೆ ಎಲ್ಲೂ ತಾಳೆಯಾಗಲಿಲ್ಲ. ಪೂರ್ತಿ ತಾಳೆಯಾದದ್ದು ಮೂವರದು ಮಾತ್ರ. ತಪ್ಪು ಹೇಳಿದವರೂ ಅಷ್ಟೇ ಖಚಿತವಾಗಿ ಹೇಳಿದ್ದರು. ತಮ್ಮದೇ ಕೈಬರಹ ತೋರಿಸಿದರೂ ನಂಬಲು ಕಷ್ಟಪಟ್ಟರು.

ಅಂದರೆ ಖಚಿತತೆ ಸತ್ಯಕ್ಕೆ ಸಾಕ್ಷಿಯಲ್ಲ. ಹಾಗೆಂದು ಇಂಥ ನೆನಪನ್ನು ಸುಳ್ಳೆಂದು ತಳ್ಳುವಂತೆಯೂ ಇಲ್ಲ. ಅದನ್ನು ಪಕ್ಕದವರ ನೆನಪಿನ ಜೊತೆ, ಬೆಳೆಯ ಜೊತೆ, ಹಬ್ಬದ ಜೊತೆ ಇಟ್ಟು ನೋಡಬೇಕು. ನಮ್ಮ ಸೀಮೆಯವರಿಗೆ ಆ ಅನುಕೂಲವಿದೆ. ಇಲ್ಲಿ ನೆನಪುಗಳು ಕ್ಯಾಲೆಂಡರಿನ ಮೇಲೆ ನಿಂತಿಲ್ಲ, ಕೆಲಸದ ಮೇಲೆ ನಿಂತಿವೆ. ಜನವರಿಯ ಕೊನೆಗೆ ಆಲೆಮನೆಯಲ್ಲಿ ಬೆಲ್ಲದ ವಾಸನೆ, ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಹಾಸಿಗೆ, ಅಕ್ಟೋಬರಿನಲ್ಲಿ ಶೇಂಗಾ ಕಣ. ದಿನ ಮರೆತರೂ ಕೆಲಸ ಮರೆಯುವುದಿಲ್ಲ, ಕೆಲಸವೇ ದಿನವನ್ನು ಹುಡುಕಿಕೊಡುತ್ತದೆ.

ಮಾಳಿಗೆಯ ಮೇಲಿನ ರಾತ್ರಿ

1991ರ ಮೇ 21, ಮಂಗಳವಾರ. ಚುನಾವಣೆ ನಡೆಯುತ್ತಿತ್ತು. ಮೊದಲ ಹಂತದ ಮತದಾನ ಹಿಂದಿನ ದಿನವಷ್ಟೇ ಮುಗಿದಿತ್ತು. ರಾತ್ರಿ 10.20ರ ಸುಮಾರಿಗೆ ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಆತ್ಮಾಹುತಿ ಬಾಂಬಿಗೆ ಬಲಿಯಾದರು. ಉಳಿದ ಹಂತಗಳ ಮತದಾನ ಜೂನ್ ಮಧ್ಯಕ್ಕೆ ಹೋಯಿತು.

ಆ ರಾತ್ರಿಯ ನೆನಪು ಕೇಳಿದರೆ ಹಿಂದೂಪುರದ ಬಹಳ ಜನ ಮಾಳಿಗೆಯ ಮೇಲಿಂದಲೇ ಶುರುಮಾಡುತ್ತಾರೆ. ಸೆಕೆಗೆ ಎಲ್ಲರೂ ಮಾಳಿಗೆಯ ಮೇಲೆ ಮಲಗಿದ್ದ ಕಾಲ. ಯಾರದೋ ಮನೆಯ ಬಾಗಿಲು ಬಡಿದ ಸದ್ದು, ಕೆಳಗಿನ ಬೀದಿಯಲ್ಲಿ ಗುಂಪು, ಮಾಳಿಗೆಯಿಂದ ಮಾಳಿಗೆಗೆ ಕೂಗಿ ಹೇಳಿದ ಸುದ್ದಿ. ಬೆಳಗಾಗುವಷ್ಟರಲ್ಲಿ ಬಸ್ಸುಗಳಿಲ್ಲ, ಅಂಗಡಿಗಳಿಲ್ಲ. ಮದುವೆಯ ಕಾಲವಾದ್ದರಿಂದ ದಿಬ್ಬಣಗಳು ಅಲ್ಲಲ್ಲೇ ನಿಂತುಹೋದದ್ದನ್ನು ನೆನೆಯುವವರೂ ಇದ್ದಾರೆ. ಮೂರು ತಿಂಗಳ ನಂತರ, ಆಗಸ್ಟ್‌ನಲ್ಲಿ, ಆ ಹತ್ಯೆಯ ಸಂಚುಕೋರ ಶಿವರಾಸನ್ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸುತ್ತುವರಿದ ಪೊಲೀಸರ ನಡುವೆ ಸತ್ತ. ತಾವು ಸರಕು ಇಳಿಸಲು ಹೋಗಿಬರುವ ಊರಿನಲ್ಲೇ ಅವನು ಅಡಗಿದ್ದನೆಂದು ತಿಳಿದಾಗ ಇಲ್ಲಿನ ಜನರಿಗೆ ಶ್ರೀಪೆರಂಬದೂರು ದೂರವೆನಿಸಲಿಲ್ಲ.

1996ರ ಜನವರಿ 18ರ ಬೆಳಗ್ಗೆ ಹೈದರಾಬಾದಿನಲ್ಲಿ ಎನ್.ಟಿ. ರಾಮರಾವ್ ತೀರಿಕೊಂಡರು. ಆಗ ಅವರು ಮುಖ್ಯಮಂತ್ರಿಯಾಗಿರಲಿಲ್ಲ, ಆದರೆ ಹಿಂದೂಪುರದ ಶಾಸಕರಾಗಿದ್ದರು. 1985, 1989, 1994ರಲ್ಲಿ ಈ ಊರು ಅವರನ್ನು ಗೆಲ್ಲಿಸಿತ್ತು. ರಾಜ್ಯಕ್ಕೆ ನಾಯಕನ ಸಾವು, ಹಿಂದೂಪುರಕ್ಕೆ ಮನೆಯ ಸಾವು. ಕನ್ನಡ ಮಾತಾಡುವ ಮನೆಗಳಲ್ಲೂ ಆ ದಿನ ಒಲೆ ತಡವಾಗಿ ಹೊತ್ತಿತು.

2009ರ ಸೆಪ್ಟೆಂಬರ್ 2ರ ಹೊತ್ತಿಗೆ ಸುದ್ದಿಯ ದಾರಿಯೇ ಬದಲಾಗಿತ್ತು. ಬೆಳಗ್ಗೆ ಹೈದರಾಬಾದಿನಿಂದ ಚಿತ್ತೂರಿನ ಕಡೆ ಹೊರಟ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರ ಹೆಲಿಕಾಪ್ಟರ್ ನಲ್ಲಮಲ ಕಾಡಿನ ಮೇಲೆ ಕಾಣೆಯಾಯಿತು. ಪಾವುರಾಲಗುಟ್ಟದ ಮೇಲೆ ಅದರ ಅವಶೇಷ ಸಿಕ್ಕಿದ್ದು ಮರುದಿನ ಬೆಳಗ್ಗೆ. ಕಲ್ಯಾಣದುರ್ಗದ ಶಾಸಕ ಎನ್. ರಘುವೀರಾ ರೆಡ್ಡಿ ಅವರು ಆ ಸಂಪುಟದ ಸಚಿವರಾಗಿದ್ದರು, ಹಾಗಾಗಿ ಊರಿನ ಆತಂಕ ಇಮ್ಮಡಿಯಾಗಿತ್ತು. ಆ ರಾತ್ರಿ ಯಾರೂ ಬಂದು ಸುದ್ದಿ ಹೇಳಲಿಲ್ಲ. ಎಲ್ಲರೂ ಟೀವಿಯ ಮುಂದೆ ಕೂತು ಸುದ್ದಿಗಾಗಿ ಕಾದರು. ಮೊದಲಿನ ನೆನಪುಗಳಲ್ಲಿ ಒಬ್ಬ ಮನುಷ್ಯ ಇರುತ್ತಾನೆ, ಸೈಕಲ್ಲಿನ ಮೇಷ್ಟ್ರೋ, ಬಸ್ಸಿನ ಕಂಡಕ್ಟರೋ. 2009ರ ನಂತರದ ನೆನಪುಗಳಲ್ಲಿ ಪರದೆ ಇದೆ, ಹೇಳಿದ ಮನುಷ್ಯ ಇಲ್ಲ. ನಮ್ಮ ಮಕ್ಕಳ ನೆನಪಿನಲ್ಲಿ ಕೈಯಲ್ಲಿದ್ದ ಮೊಬೈಲಷ್ಟೇ ಉಳಿದೀತು.

‘ಎಲ್ಲಿದ್ದಿರಿ’ ಎಂದು ಯಾರೂ ಕೇಳದ ಸಾವುಗಳು

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೆಸರುವಾಸಿಗಳ ಸಾವು. ಇಂದಿರಾ ಹತ್ಯೆಯ ಮರುದಿನದಿಂದ ದೆಹಲಿಯ ಬೀದಿಗಳಲ್ಲಿ ಸಿಖ್ಖರ ಕಗ್ಗೊಲೆ ನಡೆಯಿತು. ಸರ್ಕಾರವೇ ನೇಮಿಸಿದ ಅಹುಜಾ ಸಮಿತಿಯ ಲೆಕ್ಕದಲ್ಲಿ ದೆಹಲಿಯೊಂದರಲ್ಲೇ ಸತ್ತವರು 2,733. ಆ ಸುದ್ದಿ ಬಂದಾಗ ಎಲ್ಲಿದ್ದಿರಿ ಎಂದು ನಮ್ಮ ಕಡೆ ಕೇಳಿದರೆ ಉತ್ತರ ಬರುವುದಿಲ್ಲ. ಅದೇ ವರ್ಷ ಡಿಸೆಂಬರ್ 2ರ ನಡುರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಅದಕ್ಕೂ ಉತ್ತರವಿಲ್ಲ. ಬಡವರ ಸಾವು ಒಂದೇ ಏಟಿಗೆ ಸುದ್ದಿಯಾಗುವುದಿಲ್ಲ. ಇವತ್ತು ಇಷ್ಟು, ನಾಳೆ ಅಷ್ಟು ಎಂದು ಅಂಕಿಯಾಗಿ ನಿಧಾನಕ್ಕೆ ಬರುತ್ತದೆ. ರೇಡಿಯೋದ ಹಾಡು ಅವರಿಗಾಗಿ ನಿಲ್ಲುವುದಿಲ್ಲ. ಹಾಗಾಗಿ ಮನಸ್ಸು ಜಾಗವನ್ನು ಗುರುತಿಟ್ಟುಕೊಳ್ಳುವುದಿಲ್ಲ.

ಬ್ರೌನ್ ಮತ್ತು ಕುಲಿಕ್ ಅವರ ಅಧ್ಯಯನದಲ್ಲೇ ಇದಕ್ಕೊಂದು ಸೂಚನೆ ಇತ್ತು. ಅವರು ಮಾತಾಡಿಸಿದ 80 ಜನರಲ್ಲಿ 40 ಕರಿಯರು, 40 ಬಿಳಿಯರು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ಕೇಳಿದ ಜಾಗವನ್ನು ನೆನೆದ ಕರಿಯರು 30, ಬಿಳಿಯರು 13. ದೇಶ ಒಂದೇ, ದಿನ ಒಂದೇ, ಸಾವು ಒಂದೇ. ತಮ್ಮವರೆಂದುಕೊಂಡವರಿಗೆ ಮಾತ್ರ ಅದು ಗುರುತಾಗಿ ಉಳಿಯಿತು. ಯಾರ ಸಾವು ನಮಗೆ ರಾಷ್ಟ್ರೀಯ ದುರಂತ ಅನಿಸುತ್ತದೆ ಎಂಬುದರಲ್ಲಿ ನಾವು ಯಾರನ್ನು ನಮ್ಮವರೆಂದು ಎಣಿಸುತ್ತೇವೆ ಎಂಬುದೂ ಅಡಗಿದೆ.

ಈ ಮಾತನ್ನು ನಮ್ಮ ನೆಲದ ಮೇಲೆಯೇ ಒರೆಗೆ ಹಚ್ಚಬಹುದು. ರಾಜೀವ್ ಹತ್ಯೆಯಾಗಿ ಸರಿಯಾಗಿ ಇಪ್ಪತ್ತೊಂದು ವರ್ಷ ತುಂಬಿದ ದಿನ, 2012ರ ಮೇ 21ರ ಸಂಜೆ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ಹೊರಟಿತು. ಕೊಪ್ಪಳ, ಹೊಸಪೇಟೆ, ಬಳ್ಳಾರಿಯ ಜನರನ್ನು ಹತ್ತಿಸಿಕೊಂಡು ಗುಂತಕಲ್, ಅನಂತಪುರ, ಧರ್ಮಾವರಂ ದಾಟಿತು. ಬೆಳಗಿನ ಜಾವ ಮೂರು ಗಂಟೆ ಮೀರಿದ ಹೊತ್ತಿಗೆ ಪೆನುಕೊಂಡ ನಿಲ್ದಾಣದಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಹಿಂದಿನಿಂದ ಡಿಕ್ಕಿ ಹೊಡೆಯಿತು. ಮುಂದಿನ ಬೋಗಿಗಳು ನುಚ್ಚುನೂರಾದವು, ಬೆಂಕಿಯೂ ಹತ್ತಿತು. ಸತ್ತವರು 25 ಮಂದಿ. ಗಾಯಾಳುಗಳನ್ನು ಪೆನುಕೊಂಡ, ಹಿಂದೂಪುರ, ಅನಂತಪುರ, ಬೆಂಗಳೂರಿನ ಆಸ್ಪತ್ರೆಗಳಿಗೆ ಸಾಗಿಸಿದರು.

ಸತ್ತವರಲ್ಲಿ ಉತ್ತರ ಕರ್ನಾಟಕದಿಂದ ದುಡಿಮೆಗಾಗಿ ಬೆಂಗಳೂರಿಗೆ ಹೊರಟಿದ್ದ ಕನ್ನಡಿಗರಿದ್ದರು. ಆಗ ರಿಸರ್ವೇಶನ್ ಮಾಡಿಸಿದವರ ಹೆಸರು ಬೋಗಿಯ ಬಾಗಿಲಿಗೆ ಅಂಟಿಸಿದ ಚಾರ್ಟಿನಲ್ಲಿರುತ್ತಿತ್ತು. ಜನರಲ್ ಬೋಗಿಯಲ್ಲಿ ಕೂತವರ ಹೆಸರು ಎಲ್ಲೂ ಇರುವುದಿಲ್ಲ. ಎಲ್ಲಿ ಹತ್ತಿದರು, ಯಾರ ಜೊತೆ ಬಂದರು ಎಂಬುದೂ ಇಲ್ಲ. ಅವರು ಇದ್ದರು ಎಂಬುದಕ್ಕೆ ಒಂದು ಹಾಳೆಯೂ ಇಲ್ಲದೆ ಇದ್ದವರು, ಹಾಗೆಯೇ ಹೋದರು.

ಒಂದೂವರೆ ವರ್ಷ ಕಳೆದಿತ್ತು. 2013ರ ಡಿಸೆಂಬರ್ 28ರ ಬೆಳಗಿನ ಜಾವ, ಬೆಂಗಳೂರಿನಿಂದ ಹೊರಟು ಹಿಂದೂಪುರ ದಾಟಿದ ನಾಂದೇಡ್ ಎಕ್ಸ್‌ಪ್ರೆಸ್ಸಿನ ಎಸಿ ಬೋಗಿಗೆ ಕೊತ್ತಚೆರುವು ಬಳಿ ಬೆಂಕಿ ಬಿತ್ತು. ಮುಚ್ಚಿದ ಗಾಜಿನ ಕಿಟಕಿಗಳು, ಒಳಗೆ ತುಂಬಿಕೊಂಡ ಹೊಗೆ, ನಿದ್ದೆಯಲ್ಲಿದ್ದ ಜನ. 26 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಬೆಂಗಳೂರಿನವರು, ರಾಯಚೂರಿನವರು ಇದ್ದರು. ದೇಹಗಳ ಗುರುತು ಹಚ್ಚಲು ಡಿಎನ್‌ಎ ಪರೀಕ್ಷೆ ಬೇಕಾಯಿತು. ಆಗ ರೈಲ್ವೆ ಸಚಿವರಾಗಿದ್ದವರು ಕರ್ನಾಟಕದವರೇ ಆದ ಮಲ್ಲಿಕಾರ್ಜುನ ಖರ್ಗೆ.

ಎರಡೂ ಒಂದೇ ರೈಲು ಮಾರ್ಗದ ಆಸುಪಾಸು, ಎರಡೂ ಜನ ಗಾಢ ನಿದ್ದೆಯಲ್ಲಿದ್ದ ಹೊತ್ತು, ಎರಡೂ ನಮ್ಮ ಮನೆಯಿಂದ ಕೂಗಳತೆಯಲ್ಲಿ ಅನ್ನುವಷ್ಟು ಹತ್ತಿರ. ಒಟ್ಟು 51 ಜೀವ. ಬೆಂಗಳೂರಿನ ಯುವಕರನ್ನು ಈ ಬಗ್ಗೆ ಕೇಳಿದರೆ ಬಹಳಷ್ಟು ಜನಕ್ಕೆ ನೆನಪೇ ಇಲ್ಲ. ಪೆನುಕೊಂಡ, ಹಿಂದೂಪುರದಲ್ಲಿ ಹಾಗಲ್ಲ. ಅಲ್ಲಿ ಸದ್ದು ಕೇಳಿ ಎದ್ದವರಿದ್ದಾರೆ, ಆಸ್ಪತ್ರೆಯ ಬಾಗಿಲಿಗೆ ಓಡಿದವರಿದ್ದಾರೆ, ಕನ್ನಡ ಮಾತ್ರ ಬರುವ ಗಾಯಾಳುಗಳಿಗೂ ತೆಲುಗಿನ ಸಿಬ್ಬಂದಿಗೂ ನಡುವೆ ನಿಂತು ಎರಡೂ ಮಾತನ್ನು ಹೇಳಿದವರಿದ್ದಾರೆ. ಗಡಿಯ ಜನ ಎರಡು ಮಾತು ಬಲ್ಲವರಾಗಿರುವುದು ಎಷ್ಟು ದೊಡ್ಡ ಉಪಕಾರ ಎಂಬುದು ಅಂಥ ಬೆಳಗಿನ ಜಾವಗಳಲ್ಲಿ ಗೊತ್ತಾಗುತ್ತದೆ. ಅವರಿಗೆ ಮೇ 22 ಎಂದರೆ ಎಲ್ಲಿದ್ದೆವು ಎಂಬುದು ಖಂಡಿತ ನೆನಪಿದೆ. ಅದನ್ನು ಕೇಳಿ ಬರೆದುಕೊಂಡವರು ಮಾತ್ರ ಕಡಿಮೆ.

ವಿದುರಾಶ್ವತ್ಥ ಕಲಿಸುವ ಪಾಠ

ಮರೆಯದೆ ಉಳಿಸಿಕೊಳ್ಳುವುದು ಹೇಗೆಂದು ಕಲಿಯಲು ದೂರ ಹೋಗಬೇಕಿಲ್ಲ. ಹಿಂದೂಪುರದಿಂದ ಬೆಂಗಳೂರಿನ ಕಡೆ ರೈಲು ಹತ್ತಿದರೆ ಗೌರಿಬಿದನೂರಿಗೂ ಮುಂಚೆ ವಿದುರಾಶ್ವತ್ಥ ಬರುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕಕ್ಕೆ ಸತ್ತವರು ಹತ್ತರ ಆಸುಪಾಸು, ಜನರ ಲೆಕ್ಕಕ್ಕೆ ಮೂವತ್ತಕ್ಕೂ ಮೇಲೆ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಅದಕ್ಕೆ ಹೆಸರಾಯಿತು. ಗಾಂಧೀಜಿ ಕಳಿಸಿದ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿ ಒಪ್ಪಂದಕ್ಕೆ ಬಂದರು.

ಆ ದಿನ ಹಿಂದೂಪುರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ರಾಜಾಜಿ ನೇತೃತ್ವದ ಕಾಂಗ್ರೆಸ್ ಸರ್ಕಾರವೇ ಆಡಳಿತ ನಡೆಸುತ್ತಿತ್ತು. ಗೆರೆಯ ಈಚೆ ಹಾರಾಡುತ್ತಿದ್ದ ಧ್ವಜಕ್ಕೆ ಗೆರೆಯ ಆಚೆ ಗುಂಡು ಬಿತ್ತು. ಇಂಥ ಸೂಕ್ಷ್ಮ ಗಡಿಯಲ್ಲಿ ಬದುಕಿದವರ ನೆನಪಿನಲ್ಲಿ ಮಾತ್ರ ಸಿಗುತ್ತದೆ.

ವಿದುರಾಶ್ವತ್ಥದ ಜನ ಆ ದಿನವನ್ನು ಬಾಯಿಮಾತಿಗೆ ಬಿಡಲಿಲ್ಲ. 1973ರಲ್ಲಿ ಸ್ಮಾರಕ ಎದ್ದಿತು, ಮುಂದೆ ವೀರಸೌಧ ಬಂತು. ಸತ್ತವರ ಹೆಸರು ಕಲ್ಲಿಗೆ ಬಂತು, ಶಾಲೆಯ ಮಕ್ಕಳು ಬಂದು ಓದುವಂತಾಯಿತು. ದೇಶದ ಬೇರೆಡೆಯೂ ಇಂಥ ಕೆಲಸ ನಡೆದಿದೆ. ವಿಭಜನೆಯನ್ನು ಕಂಡವರ ಮಾತುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಧ್ವನಿಮುದ್ರಿಸಿಕೊಂಡಿದ್ದಾರೆ, 2017ರಲ್ಲಿ ಅಮೃತಸರದಲ್ಲಿ ವಿಭಜನೆಯ ವಸ್ತುಸಂಗ್ರಹಾಲಯವೇ ಆಯಿತು. ಭೋಪಾಲದಲ್ಲಿ ನೊಂದವರೇ ಮುಂದೆ ನಿಂತು 2014ರಲ್ಲಿ ತಮ್ಮ ಸಂಗ್ರಹಾಲಯ ತೆರೆದರು. ಅಲ್ಲಿ ಸತ್ತವರ ಬಟ್ಟೆಬರೆಯ ಜೊತೆ ಅವರ ಮನೆಯವರ ಧ್ವನಿಯೂ ಇದೆ.

ಹಿಂದೂಪುರ, ಕಲ್ಯಾಣದುರ್ಗಕ್ಕೆ ಕಟ್ಟಡ ಬೇಕಿಲ್ಲ. ಎರಡು ರೂಪಾಯಿಯ ಪೆನ್ನು, ನೂರು ಪುಟದ ನೋಟ್‌ಬುಕ್ಕು, ಇಲ್ಲವೇ ಜೇಬಿನಲ್ಲಿರುವ ಮೊಬೈಲು ಸಾಕು. ಗಡಿಯ ಕನ್ನಡ ಶಾಲೆಗಳ ಮೇಷ್ಟ್ರು, ಮೇಡಂಗಳು ಬೇಸಿಗೆ ರಜೆಗೆ ಮಕ್ಕಳಿಗೆ ಕೊಡುವ ಮನೆಗೆಲಸದಲ್ಲಿ ಇದೊಂದನ್ನು ಸೇರಿಸಬಹುದು. ಊರಿನ ಗ್ರಂಥಾಲಯ ಅದಕ್ಕೊಂದು ಕಪಾಟು ಕೊಡಬಹುದು. ಕನ್ನಡ ಸಂಘಗಳು ರಾಜ್ಯೋತ್ಸವದ ಮೆರವಣಿಗೆಯ ಜೊತೆಗೆ ಇದನ್ನೂ ತಮ್ಮ ಕೆಲಸ ಎಂದುಕೊಳ್ಳಬಹುದು. ಬರೆದದ್ದು ಕನ್ನಡದಲ್ಲಿದ್ದರೂ ಸರಿ, ತೆಲುಗಿನಲ್ಲಿದ್ದರೂ ಸರಿ, ಎರಡೂ ಬೆರೆತ ನಮ್ಮ ಮನೆಯ ಮಾತಿನಲ್ಲಿದ್ದರಂತೂ ಇನ್ನೂ ಒಳ್ಳೆಯದು.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಈ ಭಾನುವಾರ ಮನೆಯ ಹಿರಿಯರ ಪಕ್ಕ ಕೂತು ಕೇಳಿ: ಸುದ್ದಿ ಬಂದಾಗ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ಯಾರು ಬಂದು ಹೇಳಿದರು, ಪಕ್ಕದಲ್ಲಿದ್ದವರು ಏನಂದರು, ಹೊಲದಲ್ಲಿ ಆಗ ಯಾವ ಬೆಳೆ ಇತ್ತು? ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ, ತಪ್ಪಿದ್ದರೆ ಇನ್ನೊಬ್ಬರ ನೆನಪು ತಿದ್ದುತ್ತದೆ. ಗಾಂಧಿ, ನೆಹರು, ಇಂದಿರಾ, ರಾಜೀವ್ ಬಗ್ಗೆ ಕೇಳಿದ ಮೇಲೆ ಪೆನುಕೊಂಡದ ಬಗ್ಗೆಯೂ, ಕೊತ್ತಚೆರುವಿನ ಬಗ್ಗೆಯೂ ಕೇಳುವುದನ್ನು ಮರೆಯಬೇಡಿ. ದೊಡ್ಡವರ ಸಾವಿಗೆ ಸಮಾಧಿಗಳಿವೆ, ಜಯಂತಿ ಪುಣ್ಯತಿಥಿಗಳಿವೆ. ಜನರಲ್ ಬೋಗಿಯಲ್ಲಿ ಸತ್ತವರಿಗೆ ಇರುವುದು ನಮ್ಮ ನೆನಪೊಂದೇ.